ಶೇಂಗಾ ಬುಡ ಕೊಳೆಗೆ ಟ್ರೈಕೋಡರ್ಮಾ: ಬಿತ್ತನೆಗೆ ಹದಿನೈದು ದಿನ ಮೊದಲೇ ಶುರು ಮಾಡಿ

ಚಳ್ಳಕೆರೆ, ಹಿರಿಯೂರು ಕಡೆ ಶೇಂಗಾ ಹುಟ್ಟಿದ ಕೆಲವೇ ವಾರಗಳಲ್ಲಿ ಅಲ್ಲೊಂದು ಇಲ್ಲೊಂದು ಗಿಡ ಬಾಡಿ ನಿಂತರೆ ಕಿತ್ತು ಬುಡ ನೋಡಿ. ಮಣ್ಣಿಗೆ ತಾಗುವ ಕಡೆ ಕಾಡಿಗೆಯಂಥ ಕಪ್ಪು ಪುಡಿ ಇದ್ದರೆ ಅದು ಕತ್ತು ಕೊಳೆ. ಬಿಳಿ ನೂಲು, ನಡುವೆ ಸಾಸಿವೆ ಗಾತ್ರದ ಕಂದು ಗುಂಡುಗಳಿದ್ದರೆ ಕಾಂಡ ಕೊಳೆ. ಇದು ಬೆಳೆ ಬಲಿತ ಮೇಲೆ ಹೆಚ್ಚು. ಹಾಗೆ ಬಾಡಿದ ಗಿಡಕ್ಕೆ ಏನು ಸುರಿದರೂ ಉಳಿಯುವುದಿಲ್ಲ. ಟ್ರೈಕೋಡರ್ಮಾ ರೋಗದ ಬೂಸನ್ನು ಸುತ್ತಿಕೊಂಡು, ಅದರ ಗೋಡೆ ಕರಗಿಸಿ ತಿನ್ನುವ ಇನ್ನೊಂದು ಬೂಸು. ರೋಗಕ್ಕಿಂತ ಮೊದಲೇ ಅದು ಬೇರಿನ ಬಳಿ ಸೇರಿರಬೇಕು.

ಎಕರೆಗೆ ಪೂರ್ತಿ ಕಳಿತ ಕೊಟ್ಟಿಗೆ ಗೊಬ್ಬರ 90 ಕೆಜಿ, ಬೇವಿನ ಹಿಂಡಿ 10 ಕೆಜಿ, ಟ್ರೈಕೋಡರ್ಮಾ ಪುಡಿ 1 ಕೆಜಿ. ಹಸಿ ಸಗಣಿ ಬೇಡ, ಅದು ಕಳಿಯುವಾಗ ಕಾವು ಏರಿ ನೀವು ಬೆರೆಸಿದ ಟ್ರೈಕೋಡರ್ಮಾವೇ ಸಾಯುತ್ತದೆ. ಮೂರನ್ನೂ ನೆರಳಲ್ಲಿ ಕಲಸಿ ನೀರು ಚಿಮುಕಿಸಿ. ಹಿಡಿಯಲ್ಲಿ ಹಿಂಡಿದರೆ ಉಂಡೆ ನಿಲ್ಲಬೇಕು, ಬೆರಳ ಸಂದಿಯಲ್ಲಿ ನೀರು ಇಳಿಯಬಾರದು. ಒದ್ದೆ ಗೋಣಿ ಚೀಲ ಹೊದಿಸಿ, ನಾಲ್ಕೈದು ದಿನಕ್ಕೊಮ್ಮೆ ತಿರುವಿ ಹಾಕಿ. ಮೊದಲು ಬಿಳಿ ಎಳೆ ಹಬ್ಬಿ, ಆಮೇಲೆ ಹಸಿರಾಗುತ್ತದೆ. ಕಪ್ಪು ಬೂಸು ಬಂದು ನಾತ ಹೊಡೆದರೆ ನೀರು ಹೆಚ್ಚಾಗಿದೆ ಎಂದೇ ಅರ್ಥ. ಆ ಗುಡ್ಡೆಯನ್ನು ಶೇಂಗಾಕ್ಕೆ ಹಾಕಬೇಡಿ. ಮಳೆ ತಡವಾದರೆ ಚಿಂತೆಯಿಲ್ಲ, ಗುಡ್ಡೆ ಒಣಗದಂತೆ ನೋಡಿಕೊಂಡರೆ ಸಾಕು. ನೆಲ ಹಸಿಯಾದ ಮೇಲೆ, ಬಿತ್ತುವ ಮುಂಚೆ ಸಂಜೆ ಹೊತ್ತು ಎರಚಿ ಮಣ್ಣಿಗೆ ಸೇರಿಸಿ. ಒಣ ನೆಲಕ್ಕೆ ಬರೀ ಪುಡಿ ಎರಚುವುದು ದುಡ್ಡನ್ನು ಗಾಳಿಗೆ ತೂರಿದ ಹಾಗೆ: ತೇವವಿಲ್ಲ, ತಿನ್ನಲು ಏನೂ ಇಲ್ಲ.

ಬೀಜೋಪಚಾರಕ್ಕೆ ಕೆಜಿ ಬೀಜಕ್ಕೆ ಇದೇ ಪುಡಿ 4 ಗ್ರಾಂ, 50 ಕೆಜಿಗೆ 200 ಗ್ರಾಂ. ಎಲ್ಲರೂ ಎಡವುವುದು ನೀರಿನಲ್ಲಿ. ಶೇಂಗಾ ಬೀಜದ ಮೇಲಿನ ಕೆಂಪು ಸಿಪ್ಪೆ ತೀರಾ ತೆಳು, ನೆನೆದರೆ ಸುಕ್ಕುಗಟ್ಟಿ ಕೈಗೇ ಸುಲಿದು ಬರುತ್ತದೆ, ಸುಲಿದ ಬೀಜ ನೆಲದಲ್ಲಿ ಮೊದಲು ಕೊಳೆಯುತ್ತದೆ. 50 ಕೆಜಿಗೆ ಅರ್ಧ ಲೀಟರ್ ಬೆಲ್ಲದ ನೀರು ಸಾಕು. ಬೀಜವನ್ನು ತಾಡಪಾಲಿನ ಮೇಲೆ ಹರವಿ, ನೀರು ಚಿಮುಕಿಸಿ, ಪುಡಿ ಉದುರಿಸಿ, ತಾಡಪಾಲಿನ ಅಂಚು ಎತ್ತಿ ಉರುಳಿಸಿ, ಕೈಯಲ್ಲಿ ಉಜ್ಜಬೇಡಿ. ಬೇರಿನ ಗಂಟಿನಲ್ಲಿ ಸಾರಜನಕ ಕೂಡಿಸುವ ರೈಜೋಬಿಯಂ ಜೀವಾಣು ಹಚ್ಚುವುದಿದ್ದರೆ ಆಮೇಲೆ. ಅರ್ಧ ಗಂಟೆ ನೆರಳಲ್ಲಿ ಆರಿಸಿ ಅವತ್ತೇ ಬಿತ್ತಿ.

ಕೊಂಡ ಬೀಜ ಬಣ್ಣ ಹಚ್ಚಿಕೊಂಡು ಬಂದಿದ್ದರೆ ಅದಕ್ಕೆ ಆಗಲೇ ಔಷಧ ಕೊಟ್ಟಿರುತ್ತಾರೆ. ಕಾರ್ಬೆಂಡಾಜಿಮ್‌ನಂಥ ಬೂಸುನಾಶಕ ಟ್ರೈಕೋಡರ್ಮಾವನ್ನೂ ಕೊಲ್ಲುತ್ತದೆ, ಹಾಗಾಗಿ ಅಂಥ ಬೀಜಕ್ಕೆ ಗೊಬ್ಬರದ ದಾರಿಯೇ ಸರಿ. ಪೊಟ್ಟಣ ಕೊಳ್ಳುವಾಗ ತಯಾರಾದ ತಾರೀಖು ನೋಡಿ, ಆರು ತಿಂಗಳು ದಾಟಿದ್ದು ಬೇಡ. ತಗಡಿನ ಶೆಡ್ಡಿನಲ್ಲಿ ಬೇಸಿಗೆ ಕಳೆದ ಪುಡಿ ತಾರೀಖಿನೊಳಗಿದ್ದರೂ ಒಳಗಿನ ಬೂಸು ಸತ್ತು ಬರೀ ಟಾಲ್ಕ್ (ಅದನ್ನು ಬೆರೆಸಿದ ಕಲ್ಲಿನ ಪುಡಿ) ಆಗಿರಬಹುದು. ಅನುಮಾನವಿದ್ದರೆ ಒಂದು ಚಮಚ ಪುಡಿಯನ್ನು ತಣ್ಣಗಾದ ಅನ್ನಕ್ಕೆ ಬೆರೆಸಿ ಮುಚ್ಚಿಡಿ. ವಾರದೊಳಗೆ ಹಸಿರು ಹಬ್ಬದಿದ್ದರೆ ಅದನ್ನು ಹೊಲಕ್ಕೆ ಒಯ್ಯಬೇಡಿ.