ಅಂಗಳದಲ್ಲೇ ಮಳೆ ಅಳೆಯುವುದು ಹೇಗೆ?

ಈಜಿಪ್ಟಿನ ಮರಳುಗಾಡಿನಲ್ಲಿ ಸೀವಾ ಎಂಬ ಊರಿದೆ. ನೆಲದಿಂದ ಉಕ್ಕುವ ಬುಗ್ಗೆಗಳು, ಸುತ್ತ ಖರ್ಜೂರದ ತೋಟ. ಅಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ ಸುಮಾರು 10 ಮಿಲಿಮೀಟರ್. ನಮ್ಮ ಶಿರಸಿಯಲ್ಲಿ ಆರಿದ್ರ ಮಳೆಯ ಒಂದು ಜೋರು ಹೊಡೆತಕ್ಕೇ ಅಷ್ಟು ಬಂದುಬಿಡುತ್ತದೆ. ಮಳೆಯೇ ಇಲ್ಲದ ಊರು ಎಂದು ಅಲ್ಲಿನವರು ಉಪ್ಪು ಬೆರೆತ ಮಣ್ಣಿನಲ್ಲಿ ಕೋಟೆ, ಮನೆ ಕಟ್ಟಿಕೊಂಡಿದ್ದರು. 1926ರಲ್ಲಿ ಮೂರು ದಿನ ಜೋರು ಮಳೆ ಬಂತು. ಶಾಲಿ ಎಂಬ ಆ ಹಳೆಯ ಕೋಟೆಯೂರಿನ ಗೋಡೆಗಳು ಕರಗಿ ಕುಸಿದವು. ಸರಾಸರಿಯ ಲೆಕ್ಕದಲ್ಲಿ ಆ ಮೂರು ದಿನ ಕಾಣುವುದೇ ಇಲ್ಲ.

ನಮ್ಮಲ್ಲೂ ಹಾಗೇ. ಜುಲೈನಲ್ಲಿ 900 ಮಿ.ಮೀ. ಬಂತು ಎಂದಿಟ್ಟುಕೊಳ್ಳಿ. ದಿನಾ ಸುಮಾರು 30ರಂತೆ ಬಂದರೆ ಅಡಿಕೆ ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡನಿಗೆ ಮಳೆ ಬಿಟ್ಟ ಒಂದು ಹೊಳವಿನ ದಿನವೂ ಸಿಗುವುದಿಲ್ಲ, ಅಡಿಕೆಗೆ ಕೊಳೆ ರೋಗ ಬರುತ್ತದೆ. ಹತ್ತೇ ದಿನದಲ್ಲಿ 90ರಂತೆ ಸುರಿದರೆ ತೋಟದ ಮಣ್ಣು ಕೊಚ್ಚಿಹೋಗುತ್ತದೆ, ಆದರೆ ಔಷಧಿ ಹೊಡೆಯಲು ದಿನ ಸಿಗುತ್ತದೆ. ಒಟ್ಟು ಒಂದೇ, ಮಳೆಗಾಲ ಬೇರೆ. ಅದಕ್ಕೇ ದಿನದ ಲೆಕ್ಕ ಬೇಕು. ಪಕ್ಕದೂರಿನ ಲೆಕ್ಕ ಸಾಲದು. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲೇ ಕಾರವಾರಕ್ಕೆ ವರ್ಷಕ್ಕೆ 3,000 ಮಿ.ಮೀ. ದಾಟುತ್ತದೆ. ಘಟ್ಟದ ಆಚೆ ಮುಂಡಗೋಡ, ಹಳಿಯಾಳದ ಕಡೆ ಅದರ ಅರ್ಧವೂ ಇಲ್ಲ.

ಮೊದಲು 15 ಸೆಂ.ಮೀ. ಬಾಯಿಯ ಪ್ಲಾಸ್ಟಿಕ್ ಆಲಿಕೆ ಮತ್ತು ಐದು ಲೀಟರಿನ ಕ್ಯಾನ್ ತನ್ನಿ. ನಾನು ಶುರುಮಾಡಿದ ವರ್ಷ ಎರಡು ಲೀಟರಿನ ಬಾಟಲಿ ಇಟ್ಟಿದ್ದೆ. ಪುನರ್ವಸು ಮಳೆಯ ಒಂದು ಬೆಳಿಗ್ಗೆ ನೋಡಿದರೆ ಆಲಿಕೆಯ ಅಂಚಿನವರೆಗೂ ನೀರು ನಿಂತಿತ್ತು, ಅದರಲ್ಲಿ ಒಂದು ಇರುವೆ ತೇಲುತ್ತಿತ್ತು. ಆ ಬಾಟಲಿ 113 ಮಿ.ಮೀ.ಗೇ ತುಂಬುತ್ತದೆ. ಆಮೇಲೆ ಎಷ್ಟು ಬಿತ್ತೋ, ಆ ವರ್ಷದ ದೊಡ್ಡ ಮಳೆಯ ಲೆಕ್ಕವೇ ಹೋಯಿತು. ಇವತ್ತಿಗೂ ಬೇಜಾರಿದೆ. ಐದು ಲೀಟರಿನ ಕ್ಯಾನ್ 280 ಮಿ.ಮೀ.ವರೆಗೆ ತಡೆಯುತ್ತದೆ.

ಆಲಿಕೆಯನ್ನು ಕ್ಯಾನಿನ ಬಾಯಿಗೆ ಸಿಕ್ಕಿಸಿ ಬಯಲಲ್ಲಿ ಇಡಬೇಕು. ಮರವೋ ಮನೆಯ ಮಾಡೋ ಎಷ್ಟು ಎತ್ತರವಿದೆಯೋ ಅದರ ಎರಡು ಪಟ್ಟು ದೂರ. ಅಡಿಕೆ ತೋಟದೊಳಗೆ ಖಂಡಿತ ಬೇಡ. ಆಲಿಕೆಯ ಬಾಯಿ ನೆಲದಿಂದ ಒಂದಡಿಯಾದರೂ ಮೇಲಿರಲಿ, ಇಲ್ಲದಿದ್ದರೆ ನೆಲದ ನೀರು ಸಿಡಿದು ಒಳಗೆ ಬೀಳುತ್ತದೆ. ಸುತ್ತ ನಾಲ್ಕು ಕಲ್ಲು ಒತ್ತಿಡಿ. ಕರಾವಳಿಯವರು ಗೂಟಕ್ಕೆ ಕಟ್ಟಿಯೇ ಇಡಿ, ಗಾಳಿ ಜಾಸ್ತಿ.

ದಿನಾ ಬೆಳಿಗ್ಗೆ 8.30ಕ್ಕೆ ಅಳೆಯಿರಿ. ಹವಾಮಾನ ಇಲಾಖೆಯ ದಿನದ ಲೆಕ್ಕವೂ ಅದೇ ಹೊತ್ತಿಗೆ. ಅಳತೆಯ ಗೆರೆಯಿರುವ ಜಾರ್‌ಗೆ ನೀರು ಸುರಿದು ಎಷ್ಟು ಮಿಲಿಲೀಟರ್ ನೋಡಿ, 17.7ರಿಂದ ಭಾಗಿಸಿ. 354 ಮಿ.ಲೀ. ಇದ್ದರೆ 20 ಮಿ.ಮೀ. ಮಳೆ. ಆಲಿಕೆ ಬೇರೆ ಅಳತೆಯದಾದರೆ ಬಾಯಿಯ ಒಳ ಅಡ್ಡಳತೆಯನ್ನು ಸೆಂ.ಮೀ.ನಲ್ಲಿ ತೆಗೆದು, ಅದರ ಅರ್ಧವನ್ನು ಅದರಿಂದಲೇ ಗುಣಿಸಿ, 3.14ರಿಂದ ಗುಣಿಸಿ, ಹತ್ತರಿಂದ ಭಾಗಿಸಿ. ಬಂದದ್ದೇ ಭಾಗಿಸಬೇಕಾದ ಸಂಖ್ಯೆ. ಒಂದು ಮಿ.ಮೀ. ಎಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್ ನೀರು, ಅಷ್ಟೇ.

ಬರೆಯುವುದರಲ್ಲೇ ಹೆಚ್ಚಿನವರು ತಪ್ಪುವುದು. ಮಳೆ ಬಾರದ ದಿನ 0 ಬರೆಯಿರಿ. ಊರಲ್ಲಿ ಇಲ್ಲದೆ ಅಳೆಯದ ದಿನ ಗೆರೆ ಎಳೆಯಿರಿ. ಎರಡೂ ಒಂದೇ ಅಲ್ಲ. ಅಂದಾಜಿನಲ್ಲಿ ಸುಮ್ನೆ ತುಂಬಿಸಬೇಡಿ. ಇಲಾಖೆಯ ಲೆಕ್ಕದಲ್ಲಿ 2.5 ಮಿ.ಮೀ. ಬಂದರೆ ಅದು ಮಳೆಯ ದಿನ, 64.5ರಿಂದ ಭಾರಿ, 115.6ರಿಂದ ಅತಿ ಭಾರಿ. ನಿಮ್ಮ ದಿನಗಳಿಗೂ ಹಾಗೇ ಗುರುತು ಹಾಕಿ.

ತಿಂಗಳ ಮೊತ್ತದ ಜೊತೆ ನಕ್ಷತ್ರದ ಮೊತ್ತವನ್ನೂ ಹಾಕಿ. ಮೃಗಶಿರ, ಆರಿದ್ರ, ಪುನರ್ವಸು, ಪುಷ್ಯ, ಒಂದೊಂದೂ 13-14 ದಿನ. ಹಿರಿಯರ ಮಾತು, ನಿಮ್ಮ ಲೆಕ್ಕ ಎರಡನ್ನೂ ಪಕ್ಕದಲ್ಲಿಟ್ಟು ನೋಡಬಹುದು. ಮಳೆಗಾಲಕ್ಕೆ ಮುಂಚೆ ಒಮ್ಮೆ ಕೊಳೆಗೆ ಮೈಲುತುತ್ತ ಸುಣ್ಣದ ಔಷಧಿ ಹೊಡೆದವರು 40-45 ದಿನಕ್ಕೆ ಎರಡನೇ ಸಲ ಹೊಡೆಯಬೇಕಲ್ವಾ? ಆ ಹೊತ್ತಿಗೆ ನಿಮ್ಮೂರಲ್ಲಿ ಸಾಲಾಗಿ ಎರಡು ಸೊನ್ನೆ ಯಾವಾಗ ಬಂದಿದ್ದವು ಎಂದು ಹಳೆಯ ಪಟ್ಟಿ ತೆಗೆದು ನೋಡಿ. ನಾಲ್ಕೈದು ವರ್ಷದ ಪಟ್ಟಿಯಿದ್ದರೆ ಕೊನೆಗೌಡನಿಗೆ ಮೊದಲೇ ಹೇಳಿಟ್ಟುಕೊಳ್ಳಬಹುದು.