ನಂದಿನಿ ಕವರ್, ಕೈಪಂಪ್ ಮತ್ತು ನನ್ನ ಸ್ವಿಫ್ಟ್ ಎಂಜಿನ್

ನನ್ನ ಹಳೇ ಪೆಟ್ರೋಲ್ ಸ್ವಿಫ್ಟ್‌ನ ಎಂಜಿನ್ನನ್ನು ಮೂರು ವರ್ಷದಿಂದ ಸಾಗರದ ನಮ್ಮ ಮನೆ ಅಂಗಳದಲ್ಲೇ ತೊಳೆಯುತ್ತಿದ್ದೇನೆ. ಮಿಸ್ಸಿಂಗ್ (ಎಂಜಿನ್ ತಡವರಿಸಿ ಓಡುವುದು) ಇಲ್ಲ, ಚೆಕ್ ಎಂಜಿನ್ ಲೈಟ್ ಇಲ್ಲ. "ನೀರು ಬಿದ್ರೆ ಕಾಯಿಲ್ ಹೋಗತ್ತೆ ಮಾರಾಯ, ಸುಮ್ನೆ ಬಿಡು" ಅನ್ನುತ್ತಿದ್ದ ಭಾವ ಹೋದ ತಿಂಗಳು ತಮ್ಮ ಕಾರನ್ನೂ ತಂದು ನಿಲ್ಲಿಸಿದರು. ಅದಕ್ಕೇ ಬರೆಯುತ್ತಿದ್ದೇನೆ.

ಕಾಯಿಲ್ ಅಂದರೆ ಸ್ಪಾರ್ಕ್ ಪ್ಲಗ್‌ನಲ್ಲಿ ಕಿಡಿ ಹಾರಲು ಕರೆಂಟ್ ಕೊಡುವ ಭಾಗ. ಅವರ ಭಯಕ್ಕೆ ಕಾರಣವಿತ್ತು. ಹಿಂದೆ ಗಾಡಿಯನ್ನು ಒಂದು ವಾಟರ್ ಸರ್ವಿಸ್‌ಗೆ ಕೊಟ್ಟಿದ್ದೆ. ಡೀಸೆಲ್ ಹೊಡೆದು ಪ್ರೆಷರ್ ಗನ್‌ನಲ್ಲಿ ತೊಳೆದರು. ಫಳಫಳ ಅಂತಿತ್ತು. ಆದರೆ ಪ್ಲಗ್ ಗುಂಡಿಗೆ ನೀರು ಇಳಿದು ಮನೆ ಮುಟ್ಟುವ ತನಕ ಮಿಸ್ಸಿಂಗ್. ಒಂದು ಕಾಯಿಲ್‌ಗೆ ಸುಮಾರು 2,000 ರೂಪಾಯಿ ಹೋಯಿತು. ಡೀಸೆಲ್ ತಾಗಿದ ರಬ್ಬರ್ ಹೋಸ್‌ಗಳು ಮೆತ್ತಗಾದವು. ಉಳಿದ ಜಿಡ್ಡಿಗೆ ನಮ್ಮೂರ ಕೆಮ್ಮಣ್ಣಿನ ಧೂಳು ಇನ್ನೂ ಜಾಸ್ತಿ ಕಚ್ಚಿತು. ತೊಂದರೆ ಕೊಟ್ಟದ್ದು ಪ್ರೆಷರ್ ಮತ್ತು ಡೀಸೆಲ್, ಬರೀ ನೀರಲ್ಲ.

ಹಾಗಾಗಿ ಮುಕ್ಕಾಲು ಕೆಲಸ ಒಣದರಲ್ಲೇ ಮುಗಿಸುತ್ತೇನೆ. ಎಂಜಿನ್ ಮೇಲೆ ಕೈ ಇಡುವಷ್ಟು ಆರಿರಬೇಕು. ಬ್ಯಾಟರಿ ನೆಗೆಟಿವ್ ಬಿಚ್ಚಿ, ಧೂಳು, ತರಗೆಲೆ, ಇಲಿ ತಂದಿಟ್ಟ ಅಡಿಕೆ ಸಿಪ್ಪೆ ಎಲ್ಲ ಬ್ಲೋವರ್‌ನಲ್ಲಿ ಹಾರಿಸುತ್ತೇನೆ. ಆಮೇಲೆ ಆಲ್ಟರ್ನೇಟರ್ (ಬ್ಯಾಟರಿ ಚಾರ್ಜ್ ಮಾಡುವ ಭಾಗ), ಫ್ಯೂಸ್ ಬಾಕ್ಸ್, ಏರ್ ಫಿಲ್ಟರ್ ಬಾಯಿ, ಕಾಯಿಲ್‌ಗಳಿಗೆ ತೊಳೆದಿಟ್ಟ ನಂದಿನಿ ಹಾಲಿನ ಕವರ್, ಮೇಲೊಂದು ರಬ್ಬರ್ ಬ್ಯಾಂಡ್.

ಜಿಡ್ಡು ಬಿಡಿಸುವ ಡಿಗ್ರೀಸರ್ ಲೀಟರಿಗೆ 450ರ ಆಸುಪಾಸು. ಒಂದಕ್ಕೆ ಹತ್ತು ಪಾಲು ನೀರು. ಜಿಡ್ಡು ದಪ್ಪ ಇದ್ದಲ್ಲಿ ನಾಲ್ಕೇ ಪಾಲು. ಮೂರ್ನಾಲ್ಕು ನಿಮಿಷ ಬಿಟ್ಟು, ಒಣಗುವ ಮೊದಲೇ ಪೇಂಟ್ ಬ್ರಷ್‌ನಲ್ಲಿ ತಿಕ್ಕಬೇಕು. ತೊಳೆಯಲು ಹೂಗಿಡಕ್ಕೆ ಹೊಡೆಯುವ 2 ಲೀಟರ್ ಕೈಪಂಪ್ ಸಾಕು. 350 ಕೊಟ್ಟ ನೆನಪು. ಇಡೀ ಎಂಜಿನ್‌ಗೆ ಎರಡು ಪಂಪ್ ನೀರೂ ಬೇಡ.

ನಡುವೆ ಅಂಟುವಾಳದ ನೀರನ್ನೂ ಹಾಕಿ ನೋಡಿದೆ. ಪ್ಲಾಸ್ಟಿಕ್ ಮೇಲಿನ ಧೂಳು ಚೆನ್ನಾಗಿ ಹೋಗುತ್ತದೆ, ಆಯಿಲ್ ಜಿಡ್ಡು ಜಗ್ಗುವುದಿಲ್ಲ. ಸೀಮೆಎಣ್ಣೆಗೆ ಜಿಡ್ಡು ಬಿಡುತ್ತದೆ ನಿಜ, ಆದರೆ ಬೆಂಕಿ ಹತ್ತುವ ವಸ್ತು. ಎಂಜಿನ್ ಹತ್ತಿರ ಅದು ಬೇಡವೇ ಬೇಡ. ಬ್ರಾಕೆಟ್‌ಗಳ ಹಳೇ ಕೊಳೆಗೆ ನಾನೇ ಕಲಸಿಕೊಂಡ ಒಂದು ಪೇಸ್ಟ್ ಇದೆ. ಅಲ್ಯೂಮಿನಿಯಂ ಕೂಡ ಕಪ್ಪಾಗುವುದಿಲ್ಲ. ಅದರ ಅಳತೆ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ತಾಳ್ಮೆ ಬೇಕಾದ್ದು ಒಣಗಿಸುವಾಗ. ಕನೆಕ್ಟರ್ ಸಂದುಗಳಿಗೆಲ್ಲ ಅರ್ಧ ಗಂಟೆ ಬ್ಲೋವರ್ ಹಿಡಿಯುತ್ತೇನೆ. ಕವರ್‌ಗಳನ್ನೆಲ್ಲ ಬಿಚ್ಚಿ, ಬ್ಯಾಟರಿ ಮತ್ತೆ ಜೋಡಿಸಿ, ಬಾನೆಟ್ ತೆರೆದೇ ಹದಿನೈದು ನಿಮಿಷ ಎಂಜಿನ್ನನ್ನು ನಿಂತಲ್ಲೇ ಐಡ್ಲಿಂಗ್ ಬಿಡುತ್ತೇನೆ. ಹೊಳಪಿನ ಡ್ರೆಸ್ಸಿಂಗ್ ಹಚ್ಚುವವರು ಬೆಲ್ಟ್‌ಗೆ ಮಾತ್ರ ತಾಗಿಸಬೇಡಿ, ಜಾರುತ್ತದೆ. ಮಳೆಗಾಲದಲ್ಲಿ ನಾನು ಈ ಕೆಲಸಕ್ಕೆ ಕೈ ಹಾಕುವುದಿಲ್ಲ.

ಬ್ಲೋವರ್ ಸೇರಿ ಒಟ್ಟು 2,200 ಖರ್ಚಾಗಿರಬಹುದು. ಹೊರಗೆ ಒಂದು ಸಲಕ್ಕೇ 800 ಕೇಳುತ್ತಾರೆ. ಇನ್ನೊಂದು ಲಾಭವೂ ಆಯಿತು. ಹೋದ ವರ್ಷ ಟ್ಯಾಪೆಟ್ ಕವರ್ (ಎಂಜಿನ್ ತಲೆಯ ಮೇಲಿನ ಮುಚ್ಚಳ) ಪ್ಯಾಕಿಂಗ್‌ನಿಂದ ಆಯಿಲ್ ಒಸರುತ್ತಿದ್ದದ್ದು ಚೊಕ್ಕ ಎಂಜಿನ್ ಮೇಲೆ ವಾರದೊಳಗೇ ಕಂಡಿತು. ಹೊಸ ಪ್ಯಾಕಿಂಗ್, ಕೂಲಿ ಸೇರಿ ಏಳೆಂಟು ನೂರಕ್ಕೆ ಮುಗಿಯಿತು.