ಮಗುಚಿದ್ದು ಸ್ಪಿನ್ನಾ, ಹಾಲ್ ವೋಲ್ಟೇಜಾ?

ಬಿಸ್ಮತ್ ಸೆಲೆನೈಡ್ ಕಾಗೆಬಂಗಾರದ ಹಾಗೆ ಪದರಗಳ ಹರಳು. ಹರಳಿಗೆ ಸೆಲ್ಲೋ ಟೇಪ್ ಅಂಟಿಸಿ ಎಳೆದರೆ ಪದರ ಪದರವಾಗಿ ಬಿಡುತ್ತದೆ. ಒಂದೊಂದು ಪದರ ಸುಮಾರು 1 ನ್ಯಾನೋಮೀಟರ್. ನನ್ನ ಪಿಎಚ್‌ಡಿಯ ಮೊದಲ ವರ್ಷ ಈ ಟೇಪ್ ಎಳೆಯುವುದರಲ್ಲೇ ಕಳೆಯಿತು.

ಇದು ಟೋಪೋಲಾಜಿಕಲ್ ಇನ್ಸುಲೇಟರ್, ಅಂದರೆ ಒಳಗೆ ನಿರೋಧಕದಂತಿದ್ದು ಮೇಲ್ಮೈಯಲ್ಲಿ ಕರೆಂಟ್ ಹರಿಸುವ ವಸ್ತು. ಇದರ ಮೇಲ್ಮೈಯಲ್ಲಿ ಎಲೆಕ್ಟ್ರಾನ್ ಯಾವ ಕಡೆ ಓಡುತ್ತದೋ ಅದಕ್ಕೆ ಅಡ್ಡಲಾಗಿ ಅದರ ಸ್ಪಿನ್ (ಎಲೆಕ್ಟ್ರಾನನ್ನು ಪುಟ್ಟ ಅಯಸ್ಕಾಂತದಂತೆ ಮಾಡುವ ಗುಣ) ನಿಲ್ಲುತ್ತದೆ. ಕರೆಂಟ್ ತಿರುಗಿಸಿದರೆ ಸ್ಪಿನ್ನೂ ಮಗುಚುತ್ತದೆ. 2014ರಲ್ಲಿ ಅಮೆರಿಕದ ನೇವಲ್ ರಿಸರ್ಚ್ ಲ್ಯಾಬೊರೇಟರಿಯವರು ಇದನ್ನು ವೋಲ್ಟೇಜ್ ಆಗಿ ಅಳೆದು ತೋರಿಸಿದ್ದರು. ನಾನೂ ಅದೇ ದಾರಿ ಹಿಡಿದೆ. ಪದರದ ಮೇಲೆ ತೆಳುವಾದ ಅಲ್ಯೂಮಿನಾ ಎಂಬ ನಿರೋಧಕ, ಅದರ ಮೇಲೆ ಅಯಸ್ಕಾಂತವಾಗುವ ಕೋಬಾಲ್ಟ್ ಪಟ್ಟಿ. ಹೊರಗಿನಿಂದ ಕಾಂತಕ್ಷೇತ್ರ ಕೊಟ್ಟು ಕೋಬಾಲ್ಟಿನ ಕಾಂತದಿಕ್ಕನ್ನು ಹಿಂದೆಮುಂದೆ ತಿರುಗಿಸಿದರೆ ವೋಲ್ಟೇಜಿನಲ್ಲಿ ಒಂದು ಮೆಟ್ಟಿಲು ಕಾಣಬೇಕು.

ಕಂಡಿತು. ಕೆಲವೇ ಮೈಕ್ರೋವೋಲ್ಟ್, ಆದರೆ ಚೊಕ್ಕವಾಗಿತ್ತು. ಕರೆಂಟ್ ತಿರುಗಿಸಿದೆ, ಮೆಟ್ಟಿಲೂ ತಲೆಕೆಳಗಾಯಿತು. ಖುಷಿಯಲ್ಲಿ ಲ್ಯಾಬಿಗೆಲ್ಲ ಪೇಡಾ ಹಂಚಿದೆ. ಸೀನಿಯರ್ ಅಕ್ಕ ಪೇಡಾ ಬಾಯಿಗೆ ಹಾಕಿಕೊಂಡೇ ಕೇಳಿದರು: "ಹಾಲ್ ವೋಲ್ಟೇಜೂ ಹಾಗೇ ತಿರುಗುತ್ತೆ, ಅಲ್ವಾ?"

ತಿರುಗುತ್ತದೆ. ಹಾಲ್ ವೋಲ್ಟೇಜ್ ಎಂದರೆ ಕಾಂತಕ್ಷೇತ್ರದಲ್ಲಿ ಕರೆಂಟ್ ಹರಿಯುವಾಗ ಅದಕ್ಕೆ ಅಡ್ಡಲಾಗಿ ಹುಟ್ಟುವ ವೋಲ್ಟೇಜ್. ಕೋಬಾಲ್ಟ್ ಪಟ್ಟಿಯ ತುದಿಗಳಿಂದ ಸೋರುವ ಕಾಂತಕ್ಷೇತ್ರ ಕೆಳಗಿನ ಪದರದಲ್ಲಿ ಹಾಲ್ ವೋಲ್ಟೇಜ್ ಹುಟ್ಟಿಸಬಹುದು. ಕೋಬಾಲ್ಟ್ ತಿರುಗಿದಾಗ ಅದೂ ತಿರುಗುತ್ತದೆ. ನನ್ನ ಪಟ್ಟಿಯ ಎರಡೂ ತುದಿ ಪದರದ ಮೇಲೇ ಕೂತಿದ್ದವು. ಸುಮ್ನೆ ಜಾಗ ಉಳಿಸಲು ನಾನೇ ಹಾಗೆ ವಿನ್ಯಾಸ ಮಾಡಿದ್ದು!

ಎರಡು ಬದಲಾವಣೆ ಮಾಡಿದೆ. ಪಟ್ಟಿಯನ್ನು ಉದ್ದ ಮಾಡಿ ತುದಿಗಳನ್ನು ಪದರದಿಂದ ಹೊರಗೆ ಒಯ್ದೆ. ಹರಳನ್ನೂ ಬದಲಿಸಿದೆ. ಬಿಸ್ಮತ್ ಸೆಲೆನೈಡಿನಲ್ಲಿ ಸೆಲೆನಿಯಂ ಪರಮಾಣುಗಳು ಅಲ್ಲಲ್ಲಿ ತಪ್ಪಿಹೋಗಿ ಎಲೆಕ್ಟ್ರಾನ್ ಜಾಸ್ತಿಯಾಗುತ್ತವೆ, ಗೇಟ್ (ವೋಲ್ಟೇಜ್ ಕೊಟ್ಟು ಎಲೆಕ್ಟ್ರಾನ್ ಸಂಖ್ಯೆ ಏರಿಳಿಸುವ ವಿದ್ಯುದ್ವಾರ) ಅದನ್ನು ಹಿಡಿತಕ್ಕೆ ತರಲಾರದು. ಆಂಟಿಮನಿ, ಟೆಲ್ಲೂರಿಯಂ ಬೆರೆತ ಹರಳಿನಲ್ಲಿ ಈ ಕಾಟ ಕಡಿಮೆ. ಅಲ್ಲಿ ಗೇಟ್ ವೋಲ್ಟೇಜ್ ಬದಲಿಸುತ್ತ ಡಿರಾಕ್ ಬಿಂದುವನ್ನು, ಅಂದರೆ ಕರೆಂಟ್ ಒಯ್ಯುವ ಕೆಲಸ ಎಲೆಕ್ಟ್ರಾನ್‌ಗಳಿಂದ ಹೋಲ್‌ಗಳಿಗೆ ಬದಲಾಗುವ ಗಡಿಯನ್ನು, ದಾಟಬಹುದು. ದಾಟಿದ ಮೇಲೆ ಕರೆಂಟ್ ಒಯ್ಯುವುದು ಹೋಲ್‌ಗಳು (ಎಲೆಕ್ಟ್ರಾನ್ ಇಲ್ಲದ ಖಾಲಿ ಜಾಗಗಳು, ಧನ ಆವೇಶದಂತೆ ವರ್ತಿಸುತ್ತವೆ), ಹಾಗಾಗಿ ಹಾಲ್ ವೋಲ್ಟೇಜಿನ ಚಿಹ್ನೆ ಬದಲಾಗುತ್ತದೆ. ಸ್ಪಿನ್ ಮೆಟ್ಟಿಲಿನದು ಬದಲಾಗಬಾರದು, ಏಕೆಂದರೆ ಮೇಲ್ಮೈಯಲ್ಲಿ ಸ್ಪಿನ್ ಕಟ್ಟಿಕೊಂಡಿರುವುದು ಓಟದ ದಿಕ್ಕಿಗೆ.

ಹೊಸ ಸಾಧನದಲ್ಲಿ ಮೆಟ್ಟಿಲು ಹಳೆಯದರ ಅರ್ಧದಷ್ಟೂ ಇರಲಿಲ್ಲ. ಆದರೆ ಬಿಂದುವಿನ ಎರಡೂ ಕಡೆ ಒಂದೇ ದಿಕ್ಕಿಗೆ ಇತ್ತು. ಹಳೆಯ ಸಾಧನದ ಗ್ರಾಫುಗಳನ್ನು ಥೀಸಿಸ್‌ನಿಂದ ತೆಗೆದುಹಾಕಿದೆ.